ಅಂಗೈಯಲ್ಲಿ ಕುಳಿತ ಗಿಳಿ

ಶಾಂತವೀರಪ್ಪನವರ ಎರಡೂ ಕೈಗಳನ್ನು ತಿರುವಿ ಮುರುವಿ ನೋಡಿದ ಮೇಲೆ ಗೇಟು ಕಾಯುವ ಶ್ರೀಕರ್ ತಲೆಯಾಡಿಸಿದ.

"ಸೀಲ್ ಇಲ್ಲ ಅಂಕಲ್. ಸೀಲ್ ಇಲ್ದೆ ಮತ್ತೆ ಒಳಗೆ ಬಿಡಕ್ಕಾಗಲ್ಲ."

"ಹಾಕಿದ್ರಪ್ಪ. ನಾನೇ ತೊಳ್ಕೊಂಡೆ."

"ಯಾರಾದ್ರೂ ಸೀಲ್ ತೊಳ್ಕೋತಾರಾ ಅಂಕಲ್?"

ತೊಳೆಯದೆ ವಿಧಿಯಿರಲಿಲ್ಲ. ಕನಕಪುರ ರಸ್ತೆಯ ‘ಚಿಲಿಪಿಲಿ’ ಮನರಂಜನಾ ಉದ್ಯಾನದೊಳಗೆ ಮನೆಯ ಬುತ್ತಿಗೆ ಪ್ರವೇಶವಿಲ್ಲ. ತಂದವರು ಹೊರಗೆ ಪಾರ್ಕಿಂಗಿಗೆ ಹೋಗಿ ಉಂಡು ಬರಬೇಕು. ಹೊರಡುವಾಗ ಮುಂಗೈ ಮೇಲೆ ನೀಲಿ ಗಿಳಿಯ ಮುದ್ರೆ ಒತ್ತುತ್ತಾರೆ. ಬನಶಂಕರಿಯ ಸೀರೆ ಅಂಗಡಿಯನ್ನು ಮಗನಿಗೊಪ್ಪಿಸಿ ನಿವೃತ್ತರಾಗಿದ್ದ ಶಾಂತವೀರಪ್ಪನವರು, ಬಲಗೈ ಊಟದ್ದು ಎಂದು ಎಡಗೈ ಕೊಟ್ಟಿದ್ದರು. ಅದನ್ನೂ ತೀರ್ಥ ತೆಗೆದುಕೊಳ್ಳುವ ರೂಢಿಯಲ್ಲಿ ಅಂಗೈ ಮೇಲಾಗಿ ಚಾಚಿದ್ದರು. ಮುದ್ರೆಯಾಕೆ ತಲೆಯೆತ್ತದೆ ಅಂಗೈ ನಡುವೆಯೇ ಒತ್ತಿದ್ದಳು.

ಬೆಳಗಿನ ಗಡಿಬಿಡಿಯಲ್ಲಿ ಪೂಜೆ ಉಳಿದುಹೋಗಿತ್ತು. ನೀರು, ಕಾಫಿ ಬಿಟ್ಟರೆ ಪೂಜೆಯಾಗದೆ ಅವರು ತುತ್ತು ಮುಟ್ಟುವವರಲ್ಲ. ಕಾರಿನಲ್ಲಿ ಕುಳಿತು ಇಷ್ಟಲಿಂಗವನ್ನು ಕೈಗೆ ತೆಗೆದುಕೊಳ್ಳಬೇಕು ಎನ್ನುವಷ್ಟರಲ್ಲಿ ನೋಡಿದರೆ, ಲಿಂಗ ಕೂರಬೇಕಾದ ಜಾಗದಲ್ಲಿ ಗಿಳಿ ಕುಳಿತಿತ್ತು. ಪಾರ್ಕಿಂಗಿನ ನಲ್ಲಿಯಲ್ಲಿ ಸೋಪು ಹಚ್ಚಿ ತಿಕ್ಕಿದರು, ಮತ್ತೆ ತಿಕ್ಕಿದರು. ಗಿಳಿ ಹಾರಿಹೋಯಿತು. ಪೂಜೆ ಸಾಂಗವಾಗಿ ನಡೆಯಿತು, ರೊಟ್ಟಿ ರುಚಿಸಿತು. ಗೇಟಿನ ನೆನಪು ಬಂದದ್ದು ಗೇಟಿನ ಮುಂದೆ ನಿಂತಾಗಲೇ.

ಈಗ ಕಂಬಿಗಳಾಚೆ ದೊಡ್ಡ ಜಾರುಬಂಡಿಯ ಗೋಪುರ ಕಾಣುತ್ತಿತ್ತು. ಮೊಮ್ಮಗಳು ಪ್ರೇರಣಾ ಕಳೆದ ಬೇಸಿಗೆಯಲ್ಲಿ ಅದರ ತುದಿಯವರೆಗೆ ಹತ್ತಿ, ಅಳುತ್ತಾ ಮೆಟ್ಟಿಲಿಳಿದು ಬಂದವಳು. ‘ಅಜ್ಜ ಕೆಳಗೆ ನಿಂತಿದ್ರೆ ಮಾತ್ರ ಜಾರ್ತೀನಿ’ ಎಂಬ ಷರತ್ತಿನ ಮೇಲೆ ಈ ಸಲ ಒಪ್ಪಿದ್ದಳು. ನಿಂತೇ ನಿಲ್ಲುತ್ತೇನೆಂದು ಅಜ್ಜ ಮಾತು ಕೊಟ್ಟಿದ್ದರು. ಸಾಲು ಉದ್ದವಿದೆ, ಉಂಡು ಬರುವಷ್ಟು ಹೊತ್ತಿದೆ ಎಂಬ ಅವರ ಲೆಕ್ಕ ತಪ್ಪಿತ್ತು. ಕೊನೆಯ ಮೆಟ್ಟಿಲುಗಳಲ್ಲಿ ಅವಳ ಹಳದಿ ಟೋಪಿ ಆಗಲೇ ಕಾಣುತ್ತಿತ್ತು.

ಮಗುವಿನೊಂದಿಗೆ ಒಳಗಿದ್ದ ಸೊಸೆ ಸಂಗೀತಾಳಿಗೆ ಫೋನು ಮಾಡಿದರೆ ರಿಂಗಾಗುತ್ತಲೇ ಇತ್ತು. ನೀರಿನ ಆಟವೆಂದು ಅವಳು ಅದನ್ನು ಲಾಕರಿನಲ್ಲಿಟ್ಟಿದ್ದಳು.

"ಹೊಸ ಟಿಕೆಟ್ಟೇ ಕೊಡಪ್ಪ."

"ಕೌಂಟರ್ ಕ್ಲೋಸ್ ಆಯ್ತು ಅಂಕಲ್."

"ಅಂಕಲ್, ಸ್ವಲ್ಪ ಸೈಡಿಗ್ ಬನ್ನಿ," ಎಂದು ಹಿಂದಿನವರು ಗೊಣಗಿದರು. ಆ ಗದ್ದಲಕ್ಕೆ ಗೇಟಿನ ಮೇಲ್ವಿಚಾರಕಿ ಲತಾಮಣಿ ಬಂದಳು. ಜರಗನಹಳ್ಳಿಯವಳು, ಮಾತು ಖಡಕ್ಕು. ಗಿಳಿಯ ಕತೆಯನ್ನು ಪೂರ್ತಿ ಕೇಳಿದಳು.

"ಸೀಲ್ ಅಳಿಸೋಯ್ತು ಅಂತ ದಿನಾ ಒಬ್ರು ಬರ್ತಾರೆ ಸಾರ್. ಬೆವರಿಗೆ ಹೋಯ್ತು ಅಂತಾರೆ, ಮಗು ನೆಕ್ತು ಅಂತಾರೆ. ಪೂಜೆ ಮಾತ್ರ ಹೊಸದು. ಆಯ್ತು, ಒಳಗೆ ಏನ್ ನೋಡಿದ್ರಿ ಹೇಳಿ."

ಶಾಂತವೀರಪ್ಪನವರು ಕಂಬಿಗಳಾಚೆ ಕಣ್ಣು ಹಾಯಿಸಿದರು. ದೊಡ್ಡ ಚಕ್ರ ಎನ್ನೋಣವೆಂದರೆ ಅದು ರಸ್ತೆಗೇ ಕಾಣುತ್ತದೆ. ತೂಗುವ ದೋಣಿ ಎನ್ನೋಣವೆಂದರೆ ಅದರ ಚಿತ್ರ ಬೋರ್ಡಿನ ಮೇಲೇ ಇದೆ. ಹಳದಿ ಟೋಪಿ ಗೋಪುರದ ತುದಿ ಮುಟ್ಟಿತು.

"ಕಾಫಿ ಕುಡ್ದೆ," ಎಂದರು ಕೊನೆಗೆ. "ಬೇಜಾರ್ ಮಾಡ್ಕೋಬೇಡಿ ತಾಯಿ, ಬರೀ ಚಿಕೋರಿ. ಅದೂ ಆರಿ ತಣ್ಣಗಾಗಿತ್ತು. ಅರ್ಧ ಗಿಡಕ್ಕೆ ಚೆಲ್ದೆ."

ಶ್ರೀಕರ್ ಆಚೆ ಮುಖ ತಿರುಗಿಸಿದ. ಲತಾಮಣಿ ನಗಲಿಲ್ಲ.

"ಯಾವ ಗಿಡಕ್ಕೆ?"

"ಅಂಗಡಿ ಪಕ್ಕದ ದಾಸವಾಳಕ್ಕೆ."

"ನಾನೂ ಅದಕ್ಕೇ ಚೆಲ್ಲೋದು," ಎಂದಳು ಅವಳು. "ಗೇಟ್ ತೆಗಿಯಪ್ಪ ಶ್ರೀಕರ್, ಸಾರ್ ಒಳಗೆ ಹೋಗಿದ್ದೋರೇ. ಓಡ್ಬೇಡಿ ಸಾರ್, ನೆಲ ಒದ್ದೆ. ಸ್ಟಾಫ್ ದಾರಿ ಇದೆ, ಬನ್ನಿ."

ಅವಳ ಹಿಂದೆ ಪಂಚೆ ಎತ್ತಿಕಟ್ಟಿ ಶಾಂತವೀರಪ್ಪನವರು ಧಾವಿಸಿದರು. ಕೊಳದ ಬಳಿ ಬಂದು ಕತ್ತೆತ್ತಿದಾಗ ಪ್ರೇರಣಾ ತುದಿಯಲ್ಲಿ ಕಂಬಿಯನ್ನು ಅವುಚಿ ಹಿಡಿದು ನಿಂತಿದ್ದಳು. ಹಿಂದಿನ ಸಾಲು ಸಿಡಿಮಿಡಿಗೊಂಡಿತ್ತು. ಮೇಲಿದ್ದ ಕಾವಲಿನವನು ಅವಳನ್ನು ಮೆಟ್ಟಿಲಿನ ಕಡೆಗೆ ತಿರುಗಿಸುತ್ತಿದ್ದ. ಕೂಗಲು ಅಜ್ಜನಿಗೆ ಉಸಿರಿರಲಿಲ್ಲ, ಕೈ ಎತ್ತಿದರು.

ತಿರುಗುತ್ತಿದ್ದ ಟೋಪಿ ನಿಂತಿತು.

"ಅಜ್ಜ, ಊಟ ಆಯ್ತಾ?" ಮೇಲಿನಿಂದ ಕೂಗು ಬಂತು.

ಗೊಣಗುತ್ತಿದ್ದ ಸಾಲೂ ಉತ್ತರಕ್ಕಾಗಿ ಕೆಳಗೆ ಬಗ್ಗಿ ನೋಡಿತು.

"ಆಯ್ತು ಕಂದಾ. ಬಾ."

"ಏನ್ ಊಟ?"

"ರೊಟ್ಟಿ, ಎಣ್ಣೆಗಾಯಿ. ನಿಂಗೂ ಇಟ್ಟಿದೀನಿ."

ಪ್ರೇರಣಾ ಕ್ಷಣಕಾಲ ಯೋಚಿಸಿದಳು. ಕಂಬಿ ಬಿಟ್ಟಳು. ಮೊದಲ ತಿರುವಿನಲ್ಲಿ ಮರೆಯಾದಳು, ಎರಡನೆಯದರಲ್ಲಿ ಒಂದು ಕಿರುಚು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಟೋಪಿ ಮೊದಲು ಬಂದು ನೀರಿಗೆ ಬಿತ್ತು. ಶಾಂತವೀರಪ್ಪನವರು ಕೊಳದ ಅಂಚಿಗೆ ಬಾಗಿದರು. ಅದರ ಹಿಂದೆಯೇ ಅವಳು ಬಂದು ಬಿದ್ದಳು; ಎದ್ದು ನಿಂತು ಬಾಯಲ್ಲಿದ್ದ ನೀರು ಉಗುಳಿದಳು.

"ಅಲ್ಲೇ ಇರು ಅಜ್ಜ, ಎಲ್ಲೂ ಹೋಗ್ಬೇಡ," ಎಂದವಳೇ ಟೋಪಿಯನ್ನೂ ತೆಗೆದುಕೊಳ್ಳದೆ ಮತ್ತೆ ಸಾಲಿನ ಕಡೆಗೆ ಓಡಿದಳು.