ಕಣಿವೆಗೆ ಕೊನೆಯ ಬಣ್ಣ

ಭಾವ ಅವಳನ್ನು ಬೆಕ್ಕು ಎಂದೇ ಕರೆಯುತ್ತಿದ್ದ. ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ ಎಂದು ಗಿರಾಕಿಗಳ ಮುಂದೆ ನಗೆಯಾಡುತ್ತಿದ್ದ. ಓದು ಅರ್ಧಕ್ಕೆ ನಿಂತ ಮೇಲೆ ಅಕ್ಕನ ಮನೆ ಸೇರಿದವಳು, ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಥರ್ಮಾಕೋಲ್ ಕೊರೆಯುತ್ತಾ ಅಲ್ಲೇ ಉಳಿದುಬಿಟ್ಟಿದ್ದಳು.

ಅಂಗಡಿಯಲ್ಲಿ ಮಾರುತ್ತಿದ್ದುದು ಯುದ್ಧಭೂಮಿಗಳನ್ನು. ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಕಾದಾಡುವ ದೊಡ್ಡವರ ಆಟ ಅದು. ಆ ಸೈನಿಕರಿಗೆ ಹತ್ತಲು ಗುಡ್ಡ ಬೇಕು, ಅಡಗಲು ಹಳ್ಳ ಬೇಕು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುತ್ತವಲ್ಲ, ಆ ಒಂದೊಂದು ಗೆರೆಗೂ ಒಂದೊಂದು ಥರ್ಮಾಕೋಲ್ ಹಾಳೆಯನ್ನು ಬಿಸಿ ತಂತಿಯಲ್ಲಿ ಕೊರೆದು, ಒಂದರ ಮೇಲೊಂದು ಅಂಟಿಸುತ್ತಾ ಹೋದರೆ ಗುಡ್ಡ ಏಳುತ್ತದೆ. ಈ ಕೆಲಸ ಕಲಿಸಿದವನು ಭಾವನೇ. ಕಲಿಸಿದ ಮೇಲೆ ಅವನು ತಂತಿ ಮುಟ್ಟಿದ್ದಿಲ್ಲ. ಅವನದೇನಿದ್ದರೂ ಬಾಯಿ ಕೆಲಸ.

ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ, ಆಟಗಾರರ ಕ್ಲಬ್ಬಿನ ಕಾರ್ಯದರ್ಶಿ ಬರುವವರೆಗೆ. ಆ ಮುದುಕರು ಊರುಗೋಲನ್ನು ಗೋಡೆಗೆ ಒರಗಿಸಿ, ಸೊಂಟ ಬಗ್ಗಿಸಿ, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ಅವಳು ಹೊಸದಾಗಿ ಕೊರೆದಿದ್ದ ಕಣಿವೆಯನ್ನು ನೋಡಿದರು. ಬಣ್ಣವಿನ್ನೂ ಬಿದ್ದಿರಲಿಲ್ಲ. ಎರಡು ಬೆಟ್ಟ, ನಡುವೆ ಒಂದು ಕುದುರೆಗಷ್ಟೇ ಜಾಗವಿರುವ ದಾರಿ, ತಿರುವಿನಾಚೆ ಬತ್ತಿದ ತೊರೆ. ಹಾಳೆಗಳ ಅಂಚಿನಿಂದಾದ ಮೆಟ್ಟಿಲುಗಳನ್ನು ಕಣ್ಣಿಗೆ ಕಾಣದಂತೆ, ಆದರೆ ಸೈನಿಕ ನಿಂತರೆ ಉರುಳದಂತೆ ಅವಳು ಉಜ್ಜಿ ಉಜ್ಜಿ ತೆಗೆದಿದ್ದಳು.

"ಇದನ್ನ ಕೊರೆದ ಕೈ ಯಾರದು?" ಅಂದರು ಕಾರ್ಯದರ್ಶಿ. "ನಮ್ಮ ಹೊಸ ಆಟದ ಹಾಲಿಗೆ ಇಂಥವೇ ಬೇಕು. ಆ ಕೈನ ಕ್ಲಬ್ಬಲ್ಲೇ ಕೆಲಸಕ್ಕಿಟ್ಕೋತೀವಿ."

"ನಂದೇ ಸಾರ್," ಅಂದ ಭಾವ, ಉಸಿರು ತೆಗೆದುಕೊಳ್ಳದೆ.

"ಒಳಗೊಂದು ಹುಡುಗಿ ಕಂಡ್ಲಲ್ಲ?"

"ನಮ್ಮ ನಾದಿನಿ. ತಲೆ ಸ್ವಲ್ಪ ಮಂದ, ಪಾಪ. ಕಸಗಿಸ ಗುಡಿಸ್ಕೊಂಡು ಇರ್ಲಿ ಅಂತ ಇಟ್ಕೊಂಡಿದೀವಿ."

ಪರದೆಯ ಹಿಂದೆ ನಿಂತಿದ್ದ ಅವಳ ಕಿವಿ ಕಾದುಹೋಯಿತು. ಪಕ್ಕದಲ್ಲೇ ಡಬ್ಬ ಮಡಚುತ್ತಿದ್ದ ಅಕ್ಕನಿಗೂ ಕೇಳಿಸಿತ್ತು.

"ಬಿಡೇ, ಅವರ ಬಾಯಿಗೆ ಬೀಗ ಇಲ್ಲ ಅಂತ ಗೊತ್ತಲ್ಲ."

"ಕೈ ನಂದು ಅಂದ್ರಲ್ಲಕ್ಕ."

"ಒಂದೇ ಮನೆ. ಯಾರ ಕೈ ಆದ್ರೇನು?"

"ಮಂದ ಅಂದ್ರು."

ಅಕ್ಕ ಇನ್ನೊಂದು ಡಬ್ಬ ಎಳೆದುಕೊಂಡಳು.

ಕಾರ್ಯದರ್ಶಿ ಹೋಗುವಾಗ ಒಂದು ಮಾತು ಹೇಳಿದ್ದರು: ಮುಂದಿನ ವಾರ ಬರುತ್ತೇನೆ, ನೀವು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು. ಭಾವ ಹೆದರುವ ಆಸಾಮಿಯಲ್ಲ. ಎಲ್ಲ ಮುಗಿಸಿಡು, ಕೊನೆಯ ಬಣ್ಣ ಮಾತ್ರ ನನಗೆ ಬಿಡು ಎಂದು ಅವಳಿಗೆ ಹೇಳಿದ. ಸ್ಪ್ರೇ ಡಬ್ಬಿಯ ಗುಂಡಿ ಒತ್ತುವುದಕ್ಕೆ ಯಾರ ಕೈಯಾದರೂ ಸಾಕು.

ಆದರೆ ಸ್ಪ್ರೇ ಬಣ್ಣಕ್ಕೂ ಥರ್ಮಾಕೋಲಿಗೂ ಹಾವು ಮುಂಗುಸಿ. ನೇರವಾಗಿ ತಗುಲಿದರೆ ಥರ್ಮಾಕೋಲ್ ಕರಗಿಹೋಗುತ್ತದೆ. ಅದಕ್ಕೇ ಮೊದಲು ಕಪ್ಪು ಬಣ್ಣಕ್ಕೆ ಬಿಳಿ ಅಂಟು ಕಲಸಿ ದಪ್ಪಗೆ ಒಂದು ಲೇಪ ಬಳಿಯಬೇಕು, ಆ ಅಂಟೇ ತಡೆ. ಅದನ್ನೂ ಅವಳಿಗೆ ಹೇಳಿಕೊಟ್ಟವನು ಭಾವನೇ.

ಅವಳು ಅಂಟಿನ ಮುಚ್ಚಳ ತೆರೆದು ಕುಳಿತಳು. ಲೇಪ ಬಳಿದರೆ ಕಣಿವೆ ಉಳಿಯುತ್ತದೆ. ಭಾವನ ಹೆಸರಿನಲ್ಲಿ ಹೊಸ ಹಾಲಿಗೆ ಹೋಗುತ್ತದೆ, ಅವಳು ಪರದೆಯ ಹಿಂದೆ ಮಂದ ತಲೆಯವಳಾಗಿಯೇ ಇರುತ್ತಾಳೆ. ಬಳಿಯದಿದ್ದರೆ ಕಣಿವೆಯೇ ಇರುವುದಿಲ್ಲ. ಇಷ್ಟು ಚೆಂದದ್ದು ಅವಳ ಕೈಯಿಂದ ಹಿಂದೆ ಬಂದಿರಲಿಲ್ಲ, ಮುಂದೆ ಬರುತ್ತದೆಂಬ ಖಾತ್ರಿಯೂ ಇರಲಿಲ್ಲ. ಆ ಕಿರುದಾರಿಯ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಅಂಟಿನ ಮುಚ್ಚಳ ಮುಚ್ಚಿ, ಕಪ್ಪು ಬಣ್ಣಕ್ಕೆ ಬರೀ ನೀರು ಬೆರೆಸಿದಳು.

ಕಾರ್ಯದರ್ಶಿ ಬರುವ ದಿನ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ.

"ಎಲ್ಲಾ ಆಗಿದೆಯೇನೇ ಬೆಕ್ಕೇ?"

"ಕಪ್ಪು ಬಳಿದಿದೀನಿ ಭಾವ."

ಅವನು ಬಗ್ಗಿ ನೋಡಿದ. ಕಪ್ಪಾಗಿಯೇ ಇತ್ತು. ಬೆರಳಿಟ್ಟಿದ್ದರೆ ಬಣ್ಣ ಪುಡಿಪುಡಿಯಾಗಿ ಅಂಟಿಕೊಳ್ಳುತ್ತಿತ್ತು. ಅಂಗಿಯ ತೋಳು ಕೊಳೆಯಾದೀತೆಂದು ಅವನು ಮುಟ್ಟಲಿಲ್ಲ.

ಕಾರ್ಯದರ್ಶಿ ಕುರ್ಚಿಯಲ್ಲಿ ಕುಳಿತರು. ಅಕ್ಕ ಬಾಗಿಲ ಬಳಿ ನಿಂತಳು. ತಂಗಿಯೂ ಈ ಸಲ ಪರದೆ ಸರಿಸಿ ಹೊರಗೆ ಬಂದಳು. ಭಾವ ಡಬ್ಬಿ ಕುಲುಕಿ, "ಬೆಟ್ಟಕ್ಕೆ ಜೀವ ಬರೋದೇ ಇಲ್ಲಿ ಸಾರ್," ಎನ್ನುತ್ತಾ ಧಾರಾಳವಾಗಿ ಹೊಡೆದ.

ಮೊದಲು ಚಿಟಚಿಟ ಸದ್ದು. ಶಿಖರದಲ್ಲಿ ಸಣ್ಣ ತೂತುಗಳು ಎದ್ದವು. ನೋಡನೋಡುತ್ತಿದ್ದಂತೆ ತೂತುಗಳು ಕೂಡಿಕೊಂಡವು, ಬೆಟ್ಟ ಮೊಣಕಾಲು ಮಡಚಿದಂತೆ ಕುಸಿಯಿತು. ಕಿರುದಾರಿ ಮುಚ್ಚಿಹೋಯಿತು. ಅವಳ ಕೈ ತಾನಾಗಿ ಅದರತ್ತ ಚಾಚಿತು. ಜೊತೆಗೇ, ಭಾವನ ಮುಖ ಬಿಳಿಚುವುದನ್ನು ಕಂಡಾಗ, ನಾಲಿಗೆಯ ಮೇಲೆ ಏನೋ ಸಿಹಿ ಇಟ್ಟಂತಾಯಿತು.

"ಏನ್ರೀ ಇದು?" ಅಂದರು ಕಾರ್ಯದರ್ಶಿ.

"ಇವಳು ಸಾರ್, ಇವಳೇ." ಭಾವ ಅವಳತ್ತ ಕೈ ತೋರಿಸಿದ. "ಬುಡದಿಂದ ತುದೀವರೆಗೂ ಮಾಡಿದ್ದು ಇವಳು. ನಾನು ತಂತಿ ಕೂಡ ಮುಟ್ಟಿಲ್ಲ, ಬೇಕಾದ್ರೆ ನಮ್ಮನೆಯವಳನ್ನ ಕೇಳಿ."

ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವನಿಗೇ ಹೊಳೆಯಿತು. ಕಾರ್ಯದರ್ಶಿ ಅವನನ್ನು ಬಿಟ್ಟು ಅವಳತ್ತ ತಿರುಗಿದರು.

"ನೀನೇನಮ್ಮ ಮಾಡಿದ್ದು?"

"ಹೌದು."

"ಅಂಟು ಹಾಕೋದು ಮರ್ತುಹೋಯ್ತಾ?"

ಭಾವ ಕಣ್ಣಲ್ಲೇ ಕೈಮುಗಿದ. ಹೂಂ ಎಂದರೆ ಮುಗಿಯಿತು: ಮಂದ ತಲೆ, ಪಾಪ, ಮರೆತಳು. ಮುದುಕರು ಮರುಕಪಟ್ಟು ಕೆಲಸ ಕೊಟ್ಟರೂ ಕೊಟ್ಟಾರು.

"ಮರ್ತಿಲ್ಲ," ಅಂದಳು ಅವಳು. "ಬೇಕಂತಲೇ ಬಿಟ್ಟೆ."

ಕಾರ್ಯದರ್ಶಿ ಕರಗಿದ ಬೆಟ್ಟವನ್ನೂ ಅವಳನ್ನೂ ನೋಡಿದರು. "ಒಳ್ಳೆ ಕೈ. ಆದ್ರೆ ಇಂಥ ಕೈಗೆ ಕ್ಲಬ್ ಹಾಲಿನ ಬೀಗದ ಕೀ ಕೊಡೋ ಧೈರ್ಯ ನನಗಿಲ್ಲಮ್ಮ." ಭಾವನ ಕಡೆ ನೋಡದೆಯೇ ಕೋಲೂರಿಕೊಂಡು ಹೊರಟುಹೋದರು.

"ಹೊಟ್ಟೆ ತಣ್ಣಗಾಯ್ತಾ?" ಎಂದು ಕೇಳಿದಳು ಅಕ್ಕ.

ತಂಗಿ ತನ್ನ ಮನಸ್ಸಿನೊಳಗೆಲ್ಲ ತಡಕಾಡಿದಳು. ಕಣಿವೆಗಾಗಿ ಸಂಕಟವಿತ್ತು. ಭಾವನಿಗಾಗಿ ಏನೂ ಸಿಗಲಿಲ್ಲ.

"ಆಯ್ತಕ್ಕ."

ಭಾವ ಕುರ್ಚಿಯಲ್ಲಿ ಕುಸಿದಿದ್ದ. ಬೈಯಲು ಬಾಯಿ ತೆರೆದವನು ಕರಗಿದ್ದನ್ನು ನೋಡಿ ದನಿ ತಗ್ಗಿಸಿದ. "ಅವರು ಮತ್ತೆ ಬಂದ್ರೂ ಬರಬಹುದು. ಇಂಥದ್ದೇ ಇನ್ನೊಂದು ಮಾಡೋಕಾಗುತ್ತಾ?"

"ಆಗ್ಬಹುದು ಭಾವ," ಅಂದಳು ಅವಳು. "ನಿಮಗಂತೂ ಮಾಡಲ್ಲ."