ಕಥೆಗಾಗಿ ಯಾರು ಗಡಿಗೆ ತೊಳೆಯಬೇಕು?

ಎಲ್ಲಿಂದ ಶುರು ಮಾಡಲಿ, ಹೇಳಿ? ನಮ್ಮಜ್ಜಿ ಅಕ್ಕಯ್ಯಮ್ಮನಾದರೆ ಏಳು ಸಮುದ್ರದಾಚೆಯ ರಾಕ್ಷಸನಿಂದ ಶುರು ಮಾಡುತ್ತಿದ್ದಳು. ನನ್ನ ಪಾತ್ರಗಳೋ ಅವಳ ಕರುಳಿನಲ್ಲೇ ಇವೆ. ಕೋಟಿಗಟ್ಟಲೆ. ಕಣ್ಣಿಗೆ ಕಾಣವು, ಹೆಸರು ಹೇಳಹೋದರೆ ನಾಲಿಗೆ ಹೊರಳದು.

೧. ಮೊದಲ ಡ್ರಾಫ್ಟು: '೧೯೮೬. ಕಾಮಸಮುದ್ರದ ಹತ್ತಿರದ ನಮ್ಮ ಹಳ್ಳಿಯ ಮೇಲೆ ಸೂರ್ಯ ಬಂಗಾರ ಚೆಲ್ಲುತ್ತಿದ್ದ...' (ಹೊಡೆದುಹಾಕಿದೆ. ಕೆಜಿಎಫ್ ಪಕ್ಕದಲ್ಲಿದ್ದು ಬಂಗಾರ ಸುಮ್ಮನೆ ಚೆಲ್ಲುತ್ತದೆ ಎಂದರೆ ಯಾರು ನಂಬುತ್ತಾರೆ?)

೨. ವಿಷಯಕ್ಕೆ ಬರುತ್ತೇನೆ. ಅಜ್ಜಿಗೆ ಟೈಫಾಯಿಡ್ ಬಂತು. ರಾಬರ್ಟ್‌ಸನ್‌ಪೇಟೆ ಡಾಕ್ಟರ ಮಾತ್ರೆಗೆ ಜ್ವರ ಬಿಟ್ಟಿತು. ಆದರೆ ಆ ಮಾತ್ರೆಗೆ ಕಳ್ಳನೂ ಒಂದೇ, ನೆಂಟನೂ ಒಂದೇ. ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಓಡಿಸಿತು. ನಮಗೆ ಅರಗದ ನಾರನ್ನು ತಾವು ಅರಗಿಸಿ, ನಮಗೂ ಒಂದು ಪಾಲು ಶಕ್ತಿ ಕೊಡುವ ಒಕ್ಕಲುಗಳು ಅವು. (ಇದು ನನ್ನ ಬಿ.ಎಸ್ಸಿ. ಜಂಬ.) ಈಗ ಅಜ್ಜಿ ತಿಂದದ್ದು ಒಂದೂ ನಿಲ್ಲುತ್ತಿಲ್ಲ, ದಿನದಿನಕ್ಕೆ ಸೊರಗುತ್ತಿದ್ದಾಳೆ. "ಹುಳಿ ರಾಗಿ ಅಂಬಲಿ ರೂಢಿಯಿದ್ದರೆ ಸ್ವಲ್ಪ ಸ್ವಲ್ಪ ಕೊಡಿ," ಎಂದರು ಡಾಕ್ಟರು.

ನಮ್ಮಲ್ಲಿ ಅಂಬಲಿ ಗಡಿಗೆಯನ್ನು ಉಜ್ಜುವ ಪದ್ಧತಿಯಿಲ್ಲ. ತಳದಲ್ಲಿ ಉಳಿದ ಹುಳಿಯೇ ಮರುದಿನದ ಅಂಬಲಿಗೆ ತಾಯಿ. ನೋಡಿದರೆ, ಜ್ವರದ ಗಲಾಟೆಯಲ್ಲಿ ಯಾರೋ ಅದನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದ್ದಾರೆ!

೩. ಯಾರು? ಅಜ್ಜಿಯ ಕಿರಿಸೊಸೆ, ನನ್ನ ಚಿಕ್ಕಮ್ಮ ಮುತ್ಯಾಲಮ್ಮ ಎಂದು ಬರೆದೆ. ಹಾಳೆಯಿಂದಲೇ ಎದ್ದು ನಿಂತಳು.

"ಏನಮ್ಮಿ, ಗಡಿಗೆ ಒಡೆದ್ರೂ ಸೊಸೆ, ತೊಳೆದ್ರೂ ಸೊಸೆನಾ? ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?"

"ಕಥೆಗೆ ಬೇಕು ಚಿಕ್ಕಮ್ಮ."

"ಕತೆಗೆ ಬೇಕಾದ್ರೆ ನೀನೇ ತೊಳ್ಕೋ ಓಗು. ಬೂದಿ ಅಲ್ಲೇ ಐತೆ."

ಸರಿ, ಬೆಕ್ಕು ತೊಳೆಯಿತು ಅಂತಿಟ್ಟುಕೊಳ್ಳಿ. (ಬೆಕ್ಕು ತೊಳೆಯುತ್ತದೆಯೇ? ಅಜ್ಜಿಯ ಕಥೆಗಳಲ್ಲಿ ಅಡುಗೆಯನ್ನೂ ಮಾಡುತ್ತದೆ.)

೪. ಹೊಸದಾಗಿ ಹುಳಿ ಬರಿಸಲು ದಿನ ಹಿಡಿಯುತ್ತದೆ. ಊರೆಲ್ಲ ಬೆಳಗಿನ ಕಾಫಿಗೆ ಬಿದ್ದಿದೆ. ಅಂಬಲಿ ಉಳಿದಿರುವುದು ಪಕ್ಕದ ಮನೆ ಮುನಿನಾರಾಯಣಮ್ಮನಲ್ಲಿ ಮಾತ್ರ. ಅವಳಿಗೂ ಅಜ್ಜಿಗೂ ಒಂದು ಕೋಳಿಯ ದೆಸೆಯಿಂದ ವರ್ಷಗಳಿಂದ ಮಾತಿಲ್ಲ. ಆದರೂ ಚಿಕ್ಕಮ್ಮ ಹೋಗಿ ಒಂದು ಚೊಂಬು ತಂದಳು.

ಅಜ್ಜಿ ಮುಖ ತಿರುಗಿಸಿದಳು. "ಅವಳ ಮನೇದಾ? ಸತ್ರೂ ಕುಡಿಯೋಳಲ್ಲ ನಾನು."

ಮುನಿನಾರಾಯಣಮ್ಮ ಗೋಡೆಯಾಚೆಯಿಂದಲೇ ಕೂಗಿದಳು: "ಅಕ್ಕಾ, ನಿನ್ ಜಂಬಕ್ಕೆ ಬೆಂಕಿ ಬೀಳ! ನಾನು ಮದ್ವೆಯಾಗಿ ಬಂದಾಗ ನನ್ ಗಡಿಗೆಗೆ ಅಂಬ್ಲಿ ಉಳಿ ಉಯ್ದೋಳು ಯಾರು? ನೀನೇ ತಾನೆ? ಅದನ್ನೇ ಇಲ್ಲೀಗಂಟ ಕಾಪಾಡ್ಕೊಂಡು ಬಂದಿದೀನಿ. ನಿಂದು ನೀನು ಕುಡಿ!"

ಅಜ್ಜಿ ಯೋಚಿಸಿದಳು. "ಅಂಗಾದ್ರೆ ಇದ್ರಾಗೆ ಅವಳ ಉಪ್ಕಾರ ಏನೂ ಇಲ್ಲ," ಎಂದು ಚೊಂಬಿಗೆ ಕೈಚಾಚಿದಳು.

ಕುಡಿದಳು. ನಿಂತಿತು. ಮರುದಿನವೂ ನಿಂತಿತು.

೫. ಅಂತ್ಯ ಒಂದು: ಇಬ್ಬರೂ ತಬ್ಬಿಕೊಂಡು ಅತ್ತರು. (ಅಜ್ಜಿ ಒಪ್ಪಲಿಲ್ಲ. "ಕೋಳಿ ಇಸ್ಯ ಬೇರೆ.")

ಅಂತ್ಯ ಎರಡು: ನಾನು ವಿಜ್ಞಾನ ವಿವರಿಸಿದೆ: ಅಂಬಲಿಯ ಹುಳಿಯಲ್ಲೂ ಅಂಥವೇ ಜೀವಿಗಳಿವೆ, ಕುಡಿದವರ ಹೊಟ್ಟೆಗೆ ಇಳಿಯುತ್ತವೆ. ಅಜ್ಜಿ ಕೇಳಿದಳು: "ಅಂದ್ರೆ, ಅವಳ ಒಟ್ಟೇಲಿರೋವೂ ನಮ್ಮೋವೇನಾ?"

"ಒಂದೇ ಸಂತಾನ ಅಜ್ಜಿ."

"ಅಯ್ಯೋ ದೇವುಡಾ! ಆ ಮಾರಾಯ್ತಿ ವಾರಕ್ಕೆ ಎರಡೊಪ್ಪತ್ತು ಇರ್ತಾಳೆ. ಲೇ ಮುತ್ಯಾಲು, ಓಗಿ ಎರಡು ಮುದ್ದೆ ಜಾಸ್ತಿ ಉಣ್ಣು ಅಂತ ಹೇಳು. ನಮ್ಮೋವು ಉಪವಾಸ ಬೀಳಬಾರ್ದು!"

ಹೇಳಲು ಹೋದ ಚಿಕ್ಕಮ್ಮ ಇನ್ನೂ ಬಂದಿಲ್ಲ. ಗೋಡೆಯಾಚೆ ಬೈಗುಳವೂ ನಗುವೂ ಕೂಡಿ ಕೇಳುತ್ತಿವೆ. ಮೂರನೆಯ ಅಂತ್ಯ ಬರೆಯೋಣವೆಂದರೆ ಅಜ್ಜಿ ಹಸಿವು ಎನ್ನುತ್ತಿದ್ದಾಳೆ, ಜ್ವರ ಬಿಟ್ಟ ಮೇಲೆ ಮೊದಲ ಸಲ. ನೀವೇ ಹೇಳಿ, ಪೆನ್ನು ಹಿಡಿದು ಕೂತಿರಲಾ?