ಫೋನಿನಿಂದ ಫೋನಿಗೆ ಹೋದ ದನಿ

ವರದಾ ಪೆಂಡಾಲಿಗೆ ತಿರುಗಿ ಬಂದಾಗ ಅವ್ವನ ಕುರ್ಚಿ ಖಾಲಿಯಾಗಿತ್ತು.

ಹೋಗಿ ಏಳೆಂಟು ನಿಮಿಷವಾಗಿದ್ದೀತು, ಅಷ್ಟೇ. ಕ್ಯಾಮೆರಾದ ವೈರು ಸಡಿಲಾಗಿ ಪಾಲಖಿ ಮೆರವಣಿಗೆಯ ಲೈವ್ ಪ್ರಸಾರ ನಿಂತಿತ್ತು. ಅದನ್ನು ಸರಿಮಾಡಲು ರಸ್ತೆಯಾಚೆ ಓಡಿದ್ದಳು. "ಅವ್ವಾ, ಇಲ್ಲೇ ಕುಂತಿರು" ಅಂದಾಗ ಶರಣಮ್ಮ ತಲೆಯಾಡಿಸಿದ್ದರು. ಎಪ್ಪತ್ಮೂರರ ಶರಣಮ್ಮನಿಗೆ ಎರಡು ವರ್ಷದಿಂದ ಮರೆವು. ಹಾವೇರಿ ಬಿಟ್ಟು ಮರಾಠಿ ಸೀಮೆಯ ನಿಗಡಿಯಲ್ಲಿದ್ದ ಮಗಳ ಮನೆಗೆ ಬಂದಮೇಲೂ ಮರಾಠಿ ಒಂದಕ್ಷರ ಬಾರದು. ನೋಡಿಕೊಳ್ಳುವ ಮರೆಮ್ಮ ಜ್ವರ ಬಂದು ಮಲಗಿದ್ದರಿಂದ ವರದಾ ಅವ್ವನನ್ನು ಕೆಲಸದ ಜಾಗಕ್ಕೇ ಕರೆತಂದಿದ್ದಳು. ಬೆಳಿಗ್ಗೆ ಇನ್ಸುಲಿನ್ ಕೊಟ್ಟಾಗಿತ್ತು. ಮಧ್ಯಾಹ್ನದ ರೊಟ್ಟಿ ಇನ್ನೂ ಡಬ್ಬಿಯಲ್ಲೇ ಇತ್ತು.

ದೇಹೂ ರೋಡಿನ ಕಡೆಯಿಂದ ಪಾಲಖಿಯ ಜೊತೆ ಪಾದಯಾತ್ರೆ ಹೊರಟ ವಾರಕರಿಗಳ ಹೊಳೆ ಹರಿದು ಬರುತ್ತಲೇ ಇತ್ತು. ಎಲ್ಲಿ ನೋಡಿದರೂ ಒಂಬತ್ತು ಗಜದ ಸೀರೆಗಳು, ಪುಟ್ಟ ತುಳಸಿ ಬೃಂದಾವನ ಹೊತ್ತ ತಲೆಗಳು. ಯಾವ ಮುದುಕಿಯ ಬೆನ್ನು ಕಂಡರೂ ಅವ್ವನದೇ ಅನ್ನಿಸುತ್ತಿತ್ತು. ಆರು ಜನರ ಭುಜ ಹಿಡಿದು ತಿರುಗಿಸಿದಳು. ಆರೂ ಮುಖ ಬೇರೆ. ಪೊಲೀಸರ ಚೌಕಿಯಲ್ಲಿ ಹೆಸರು ಬರೆಸಿದಳು. ಕಳೆದುಹೋದವರ ಹೆಸರುಗಳನ್ನು ಅವರು ಮೈಕಿನಲ್ಲಿ ಒಂದೇ ಸಮ ಕೂಗುತ್ತಿದ್ದರು, ಮರಾಠಿಯಲ್ಲಿ. ಅವ್ವನಿಗೆ ಅದೇನು ತಿಳಿದೀತು? ಫೋನು ಮಾಡಲೂ ದಾರಿಯಿಲ್ಲ, ಅಷ್ಟು ಮಂದಿಯ ಭಾರಕ್ಕೆ ಟವರುಗಳು ಕೈಚೆಲ್ಲಿದ್ದವು.

ಟವರು ಸೋಲುತ್ತವೆಂದು ಗೊತ್ತಿದ್ದೇ ಯಾತ್ರಿಕರ ಸೇವಾ ಮಂಡಳದವರು ವರದಾಳನ್ನು ಕರೆಸಿದ್ದರು. ಅವಳು ಕಟ್ಟಿದ ವ್ಯವಸ್ಥೆಗೆ ಇಂಟರ್ನೆಟ್ಟಿನ ಹಂಗಿರಲಿಲ್ಲ. ದೇಹೂ ರೋಡಿನಿಂದ ಆಕುರ್ಡಿಯವರೆಗೆ ಇಪ್ಪತ್ತೆರಡು ಪೆಂಡಾಲು, ಒಂದೊಂದರಲ್ಲೂ ಒಂದು ವೈಫೈ ಡಬ್ಬಿ. ಲೈವ್ ನೋಡುವವರ ಫೋನೇ ಅದನ್ನು ಪಕ್ಕದ ಫೋನಿಗೆ ದಾಟಿಸುತ್ತಿತ್ತು, ಆ ಫೋನು ಮತ್ತೊಂದಕ್ಕೆ. ನೋಡುವವರೇ ಹೊರುವವರು. ನಡುವಿನವರೊಬ್ಬರು ಫೋನಿನಲ್ಲಿ ಆ ಪುಟ ಮುಚ್ಚಿದರೆ ಅವರ ಹಿಂದಿನವರಿಗೂ ಲೈವ್ ಕಡಿದುಹೋಗುತ್ತಿತ್ತು.

ಒಂದೂವರೆ ತಾಸು ಹುಡುಕಿ ವರದಾ ತನ್ನ ಲ್ಯಾಪ್‌ಟಾಪಿನ ಮುಂದೆ ಬಂದು ನಿಂತಳು. ಎರಡು ಸಾವಿರದ ಮುನ್ನೂರು ಫೋನುಗಳು ಪಾಲಖಿ ನೋಡುತ್ತಿದ್ದವು.

"ವಿಕಾಸ, ಪಾಲಖಿ ದರ್ಶನ ನಿಲ್ಲಸ್ತೀನಿ. ನನ್ನ ದನಿ ಬಿಡ್ತೀನಿ."

ಮಂಡಳದ ಮುಖ್ಯಸ್ಥ ವಿಕಾಸ ಬೆಳಗಾವಿಯವನು. ಅವನ ಮುಖ ಸಣ್ಣದಾಯಿತು. "ಅಕ್ಕಾ, ಮಂದಿ ಸಿಟ್ಟಾಗ್ತಾರ್ರಿ. ನಡೀಲಿಕ್ಕೆ ಆಗದವರು ಅದನ್ನ ನೋಡ್ಕೊಂತ ಕುಂತಾರ."

"ನಮ್ಮವ್ವ ಉಂಡಿಲ್ಲೋ. ಶುಗರ್ ಇಳದ್ರ ಎಲ್ಲೆರ ಬಿದ್ದಬಿಡ್ತಾಳ. ಯಾರಿಗೆ ಏನಂತ ಹೇಳಬೇಕು ಆಕಿ?"

ವಿಕಾಸ ಮೈಕನ್ನು ಅವಳ ಕಡೆ ಸರಿಸಿದ.

ಪಾಲಖಿ ಮಾಯವಾಯಿತು. ಪರದೆಯ ಮೇಲೆ ಶರಣಮ್ಮನ ಫೋಟೋ ಬಂತು. ವರದಾ ಮೊದಲು ಮರಾಠಿಯಲ್ಲಿ ಬೇಡಿಕೊಂಡಳು: ಹಸಿರು ಇಳಕಲ್ ಸೀರೆಯ ಈ ಅಜ್ಜಿ ಕಂಡರೆ ಪೆಂಡಾಲಿನ ನಂಬರ್ ಬರೆದು ಕಳಿಸಿ, ಉಂಡಿಲ್ಲ, ಏನಾದರೂ ಸಿಹಿ ತಿನ್ನಿಸಿ, ಫೋನಿನ ದನಿ ಜೋರಾಗಿಡಿ. ಆಮೇಲೆ ಕನ್ನಡಕ್ಕೆ ಹೊರಳಿದಳು.

"ಅವ್ವಾ, ನಾ ವರದಾ. ನಿನ್ನ ಮಗಳು. ಎಲ್ಲಿ ಅದಿ ಅಲ್ಲೇ ಕುಂಡ್ರು. ನಾ ಬರಾಕತ್ತೀನಿ."

ಎರಡು ಸಾವಿರದ ಮುನ್ನೂರು ನೋಡನೋಡುತ್ತ ಒಂಬೈನೂರಾಯಿತು. ದರ್ಶನ ಹೋಯಿತೆಂದು ಜನ ಪುಟ ಮುಚ್ಚುತ್ತಿದ್ದರು. ಒಬ್ಬ ಹೋದರೆ ಅವನ ಹಿಂದೆ ಹತ್ತು ಜನ ಕಡಿದುಹೋಗುತ್ತಿದ್ದರು. ನಾನೂರ ಹತ್ತು. ಅವ್ವನ ಹತ್ತಿರ ನಿಂತ ಫೋನು ಈಗಷ್ಟೇ ಕಡಿದಿದ್ದರೆ? ವರದಾ ಮೈಕಿಗೆ ಇನ್ನಷ್ಟು ಬಾಗಿದಳು. "ಮುಚ್ಚಬೇಡಿ," ಅಂದಳು ಮರಾಠಿಯಲ್ಲಿ, ಅಳು ತಡೆಯದೆ. "ನಿಮಗೆ ನನ್ನ ಮಾತು ಬೇಡದಿದ್ದರೂ ಮುಚ್ಚಬೇಡಿ. ನಿಮ್ಮಿಂದ ಅದು ಇನ್ನೊಬ್ಬರಿಗೆ ಹೋಗಬೇಕು. ನಮ್ಮವ್ವ ನಿಮ್ಮ ಪಕ್ಕದಲ್ಲಿಲ್ಲ, ಅವರ ಪಕ್ಕದಲ್ಲಿರಬಹುದು."

ಮುನ್ನೂರ ಎಂಬತ್ತಕ್ಕೆ ಲೆಕ್ಕ ನಿಂತಿತು. ಮತ್ತೆ ನಾನೂರಾಯಿತು, ಐನೂರಾಯಿತು. ಅವಳು ಮಾತಾಡುತ್ತಲೇ ಹೋದಳು. ಹಾವೇರಿ ಮನೆಯ ಹಿತ್ತಲು, ಅಪ್ಪ ಊರ ಹೊಳೆಯ ಹೆಸರನ್ನೇ ತನಗೆ ಇಟ್ಟದ್ದು, ಹುಣಸೆಹಣ್ಣು ಕದ್ದು ತಿಂದು ಬೈಸಿಕೊಂಡದ್ದು. ಬಾಯಿಗೆ ಬಂದದ್ದನ್ನೆಲ್ಲ ಆಡಿದಳು, ಸುಮ್ಮನಾದರೆ ಅವ್ವ ಎದ್ದು ನಡೆದುಬಿಡುತ್ತಾಳೆಂಬ ಭಯಕ್ಕೆ.

ಇಪ್ಪತ್ತು ನಿಮಿಷದ ಮೇಲೆ ಪರದೆಯ ಕೆಳಗೆ ಒಂದು ಸಾಲು ಮೂಡಿತು: ಅಜ್ಜಿ ಇಲ್ಲಿದ್ದಾರೆ, ಪೆಂಡಾಲು ಹದಿನಾಲ್ಕು, ಫೋನು ಕಿತ್ತುಕೊಂಡು ಕಿವಿಗಿಟ್ಟುಕೊಂಡಿದ್ದಾರೆ.

"ನೀವು ಓಡ್ರಿ, ನಾ ಮಾತಾಡ್ತೀನಿ," ಅಂದ ವಿಕಾಸ.

"ಬ್ಯಾಡ. ಆಕಿಗೆ ನನ್ನ ದನಿನೇ ಬೇಕು."

ತನ್ನ ಫೋನಿಗೇ ಮೈಕು ಸಿಕ್ಕಿಸಿಕೊಂಡು, ಮಾತಾಡುತ್ತ, ಜನರನ್ನು ದೂಡುತ್ತ ಹೊರಟಳು. ಒಂದು ಪೆಂಡಾಲಿನ ಡಬ್ಬಿಯಿಂದ ಮುಂದಿನದಕ್ಕೆ ಹೋಗುವಾಗೆಲ್ಲ ದನಿ ಕಡಿಯುತ್ತಿತ್ತು. ಆ ಹೊತ್ತು ಅವಳು ಉಸಿರು ಬಿಗಿಹಿಡಿದು ಓಡಿದಳು. ಹದಿಮೂರು ದಾಟಿದ ಮೇಲೆ ಬಹಳ ಹೊತ್ತು ಯಾವ ಡಬ್ಬಿಯೂ ಫೋನಿಗೆ ಸಿಗಲಿಲ್ಲ.

ಶರಣಮ್ಮ ಚಹಾದ ಮೇಜಿನ ಪಕ್ಕ ನೆಲದ ಮೇಲೆ ಕುಳಿತಿದ್ದರು. ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ. ಮುಖವೆಲ್ಲ ಬೆವರು. ಫೋನಿನ ಒಡತಿ, ನಡುವಯಸ್ಸಿನ ವಾರಕರಿ ಹೆಂಗಸು, ಅವರ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದಳು.

"ಅವ್ವಾ!" ವರದಾ ಅಪ್ಪಿಕೊಂಡಳು.

ಶರಣಮ್ಮ ಅವಳನ್ನು ದೂಡಿದರು. "ಯಾರ್ ಬೇ ನೀ? ಬಿಡು. ಸುಮ್ನಿರು ಚೂರು, ನನ್ನ ಮಗಳು ಮಾತಾಡಾಕತ್ತಿದ್ಲು. ಈಗ ದನಿ ಹೋಗೇತಿ."

ಮುದುಕಿಯ ಕಣ್ಣಲ್ಲಿ ಗುರುತಿನ ಒಂದು ಎಳೆಯೂ ಇರಲಿಲ್ಲ. ಇಷ್ಟು ದಿನ ಹೆಸರು ಮರೆಯುತ್ತಿದ್ದರು, ದಿನ ಮರೆಯುತ್ತಿದ್ದರು. ಮಗಳ ಮುಖ ಮರೆತದ್ದು ಇದೇ ಮೊದಲು. ವರದಾ ಅವ್ವನ ಬಗಲಲ್ಲೇ, ಅವರಿಗೆ ಬೆನ್ನು ಮಾಡಿ ಕುಳಿತಳು. ಫೋನು ಹದಿನಾಲ್ಕರ ಡಬ್ಬಿಗೆ ಕೂಡಿಕೊಂಡದ್ದು ಕಂಡಿತು. ಮೈಕನ್ನು ತುಟಿಯ ಹತ್ತಿರ ತಂದು ಪಿಸುಗುಟ್ಟಿದಳು.

"ಅವ್ವಾ, ಕೇಳಸ್ತೈತೇನು?"

"ಹೂಂ ನನ್ನವ್ವಾ, ಈಗ ಕೇಳಸ್ತು," ಅಂದರು ಶರಣಮ್ಮ ಕೈಯೊಳಗಿನ ಫೋನಿಗೆ. "ಎಲ್ಲಿ ಅದಿ? ಲಗೂನ ಬಾ."

"ನಿನ್ನ ಬಾಜೂಕ ಒಬ್ಬಾಕಿ ಕುಂತಾಳ ನೋಡು. ಆಕಿ ಕೈ ಹಿಡಕೊಂಡು ಬಾ."

ಶರಣಮ್ಮ ತಿರುಗಿ ವರದಾಳ ಬೆನ್ನನ್ನು ಅನುಮಾನದಿಂದ ನೋಡಿದರು. "ಚೊಲೋ ಹೆಣ್ಣುಮಗಳು ಹೌದಿಲ್ಲೋ?"

"ಹೂಂ ಅವ್ವಾ. ನನಗ ಗೊತ್ತದಾಳ."

ಒರಟು ಅಂಗೈಯೊಂದು ಅವಳ ಮುಂಗೈ ಹಿಡಿಯಿತು. ಇಬ್ಬರೂ ಎದ್ದು ಪೆಂಡಾಲಿನಾಚೆ ನಿಂತಿದ್ದ ಆಂಬುಲೆನ್ಸಿನ ಕಡೆಗೆ ನಡೆದರು. ವಾರಕರಿ ಹೆಂಗಸು ತನ್ನ ಫೋನು ಮರಳಿ ಕೇಳಲಿಲ್ಲ, ಜೊತೆಗೆ ನಡೆದು ಬಂದ ಗುಂಪು, ತನ್ನ ದಿಂಡಿ, ಮುಂದೆ ಹೋದರೂ ಅವರ ಜೊತೆಗೇ ಹೆಜ್ಜೆ ಹಾಕಿದಳು. ವರದಾ ಅವ್ವನಿಗೆ ಕಾಣದಂತೆ ಮುಖ ಅತ್ತ ತಿರುಗಿಸಿಕೊಂಡು ಮೈಕಿನಲ್ಲಿ ಮಾತಾಡುತ್ತಲೇ ಇದ್ದಳು.